ಮಾರ್ತೀಸಳ ಆರು ತಿಂಗಳ ಕುರ್ಚಿ

ಬೆಳಗಾಗುತ್ತಲೇ ರೊಟ್ಟಿ ವ್ಯಾನಿನ ಹಾರ್ನ್ ಓಣಿಯುದ್ದಕ್ಕೂ ಕೂಗಿಕೊಂಡು ಹೋಯಿತು. ಮಾರ್ತೀಸ್ ಏಳಲಿಲ್ಲ. ಬ್ರಸೆಲ್ಸ್‌ನಿಂದ ಮರಳಿದ ಮೇಲೆ ಅವಳು ಹೊಸಿಲು ದಾಟಿರಲಿಲ್ಲ. ಹೊರಬಿದ್ದರೆ ದಡದಲ್ಲಿ ಅಣ್ಣ ಝೆಪ್ಪಿ ಸಿಗುತ್ತಾನೆ.

ಮಾಲ್ಟಾದ ಮೀನುಗಾರಿಕೆ ಇಲಾಖೆಯಲ್ಲೇ ಕೂದಲು ನರೆಸಿಕೊಂಡವಳು ಅವಳು. ಯುರೋಪಿನ ಒಕ್ಕೂಟದ ಸಭೆಗಳಲ್ಲಿ ಅವಳು ಕೈ ಎತ್ತಿ ಮಾತಿಗೆ ಕಾಯುವಷ್ಟರಲ್ಲಿ ಅರ್ಧ ಜನ ಊಟಕ್ಕೆ ಎದ್ದಿರುತ್ತಿದ್ದರು. ಆದರೆ ಆ ಸಭೆಗಳ ಅಧ್ಯಕ್ಷತೆ ಆರಾರು ತಿಂಗಳಿಗೆ ದೇಶದಿಂದ ದೇಶಕ್ಕೆ ತಿರುಗುತ್ತದೆ. ಆ ಜನವರಿಯಲ್ಲಿ ಅದು ಮಾಲ್ಟಾಕ್ಕೆ ಬಂತು, ಮೀನಿನ ಸಭೆಯ ಕುರ್ಚಿ ಮಾರ್ತೀಸಳ ಪಾಲಿಗೆ.

ಇಲ್ಲಿನವರು ತಾಳೆಗರಿ ಕಟ್ಟಿದ ತೇಲುಬುರುಡೆಗಳನ್ನು ಕಡಲಲ್ಲಿ ಬಿಡುತ್ತಾರೆ. ಆ ನೆರಳಿಗೆ ಲಂಪೂಕಿ ಮೀನು ಸೇರುತ್ತದೆ. ಪರದೇಶದ ದೊಡ್ಡ ಹಡಗುಗಳು ಅವುಗಳ ಹಗ್ಗ ಕತ್ತರಿಸಿಕೊಂಡು ಹೋಗುತ್ತಿದ್ದವು. ಈ ಬುರುಡೆಗಳಿಂದ ಹಡಗುಗಳು ದೂರವಿರಬೇಕೆಂಬ ಕಲಮೊಂದು ಹೊಸ ಕಾಯಿದೆಯ ಕರಡಿನಲ್ಲಿತ್ತು. ಅದು ಉಳಿದರೆ ಝೆಪ್ಪಿಯ ದೋಣಿ ಉಳಿಯುತ್ತದೆ, ಇಲ್ಲವಾದರೆ ಈ ಬೇಸಿಗೆಗೆ ಮಾರುವುದೇ.

“ಬಡಿಸೋಳು ನಮ್ಮೋಳೇ ಆದ್ಮೇಲೆ ಪಂಕ್ತಿ ಕೊನೇಲಿ ಕೂತ್ರೇನ್ರೋ?” ಎಂದು ಝೆಪ್ಪಿ ದಡದವರಿಗೆಲ್ಲ ಕಾಫಿ ಕುಡಿಸಿದ್ದ.

ಕುರ್ಚಿಗೆ ಬಲವಿತ್ತು. ಯಾವ ವಿಷಯ ಮೊದಲು, ಯಾವುದು ಎಲ್ಲರೂ ದಣಿದ ಮೇಲೆ ಎಂದು ಅವಳೇ ಗೊತ್ತುಮಾಡುತ್ತಿದ್ದಳು. ಮುನಿಸಿಕೊಂಡವರನ್ನು ಪಡಸಾಲೆಗೆ ಕರೆದು, ಇಬ್ಬರೂ ಒಪ್ಪುವ ಒಂದು ವಾಕ್ಯ ಹೊಸೆದು ಕೊಡುತ್ತಿದ್ದಳು. ದೊಡ್ಡ ದೇಶದವರೂ ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತರು. ಆದರೆ ಆ ಕುರ್ಚಿಗೊಂದು ಮಡಿಯಿತ್ತು: ಅಲ್ಲಿ ಕೂತವರು ತಮ್ಮ ದೇಶದ ಪರ ಬಾಯಿ ಬಿಡಬಾರದು. ಮಾಲ್ಟಾದ ಜಾಗದಲ್ಲಿ ಕೂತ ಕಿರಿಯ ಅಧಿಕಾರಿಗೂ ಸುಮ್ಮನಿರು ಎಂದು ಅವಳೇ ಹೇಳಿಟ್ಟಿದ್ದಳು.

ಜೂನ್ ಮುಗಿಯುತ್ತ ಬಂದರೂ ಕರಡು ಕದಲಲಿಲ್ಲ. ಪ್ರತಿಯೊಬ್ಬರೂ ತಮ್ಮ ಬೇಡಿಕೆಯಲ್ಲಿ ಏನಾದರೊಂದು ಬಿಡಬೇಕಿತ್ತು, ಮೊದಲು ಬಿಡುವವರಿರಲಿಲ್ಲ.

“ಆ ತೇಲುಬುರುಡೆ ಕಲಮು ನಿಮ್ಮನೇದೇ ಅಲ್ವಾ ಮೇಡಂ?” ಎಂದ ಉತ್ತರದ ದೇಶವೊಂದರ ಅಧಿಕಾರಿ. ಮೇಜಿನ ಸುತ್ತ ಸಣ್ಣಗೆ ನಗು ಹರಿದಾಡಿತು.

ಮಾರ್ತೀಸಳ ಕಿವಿ ಬಿಸಿಯಾಯಿತು. ತಾನು ಬಿಟ್ಟರೆ ಉಳಿದವರೂ ಬಿಟ್ಟಾರೆಂದು ನಂಬಿ ಆ ಕಲಮನ್ನು ತಾನೇ ಹೊಡೆದುಹಾಕಿದಳು. ಯಾರೂ ಏನನ್ನೂ ಬಿಡಲಿಲ್ಲ. ಕರಡು ಮುಂದಿನ ದೇಶದ ಕೈಗೆ ಹೋಯಿತು, ಆ ಕಲಮಿಲ್ಲದೆ. ಬೀಳ್ಕೊಡುವಾಗ ಅವಳಿಗೆ ಹೂಗುಚ್ಛ ಕೊಟ್ಟರು.

ಊರಿಗೆ ಮರಳಿ ಮನೆಯಲ್ಲೇ ಕೂತಿದ್ದವಳು, ರೊಟ್ಟಿ ವ್ಯಾನು ಕೂಗಿಹೋದ ಆ ದಿನ ಸಂಜೆ ಕೊನೆಗೂ ದಡಕ್ಕೆ ಹೋದಳು. ಝೆಪ್ಪಿ ಕಡಲಿನ ಕೇಡು ಕಾಯಲೆಂದು ದೋಣಿಯ ಮೂತಿಯ ಮೇಲೆ ಬರೆದ ಕಣ್ಣುಗಳಿಗೆ ಬಣ್ಣ ಬಳಿಯುತ್ತಿದ್ದ. ಕೊಳ್ಳುವವರು ನಾಳೆ ಬರುತ್ತಾರಂತೆ.

“ಹೊಡೆದುಹಾಕಿದ್ದು ಯಾರು?” ಎಂದ, ತಲೆ ಎತ್ತದೆ.

“ನಾನೇ.”

ಕುಂಚ ನಿಂತಿತು. “ಬೇರೆ ಯಾರಾದ್ರೂ ಆ ಕುರ್ಚೀಲಿ ಕೂತಿದ್ರೆ ನೀನು ಕೈಯಾದ್ರೂ ಎತ್ತಿರ್ತಿದ್ದೆ, ತಂಗೀ.”

ಮತ್ತೆ ನಮ್ಮ ಸರದಿ ಯಾವಾಗ ಎಂದು ಅವನು ಕೇಳಿದ. ಹದಿನಾಲ್ಕು ವರ್ಷಕ್ಕೆ ಎಂದಳು. ಅವನು ತಲೆಯಾಡಿಸಿ, ಎರಡನೆಯ ಕಣ್ಣಿನ ರೆಪ್ಪೆ ಬರೆಯತೊಡಗಿದ.

“ಅಣ್ಣಾ, ಎಲ್ರೂ ಒಂದೊಂದು ಬಿಡ್ತಾರೆ ಅಂತ ನಾನು...” ಎನ್ನುತ್ತ ಮಾರ್ತೀಸ್ ತಿರುಗಿ, ಒಣಗಲು ಹರವಿದ ಬಲೆಗಳ ನಡುವೆ ಹೆಜ್ಜೆ ಹಾಕುತ್ತ ಮನೆಯ ಕಡೆ ನಡೆದಳು.