ಮುಖ ಕಾಣುತ್ತಿದ್ದ ಉಕ್ಕು

"ನಾನು ಕಡೆದ ಉಕ್ಕಿನ ದಂಡದಲ್ಲಿ ಮುಖ ನೋಡ್ಕೊಂಡು ಗಡ್ಡ ಬೋಳಿಸ್ಕೋಬೋದು. ಈ ದ್ವೀಪದಲ್ಲಿ ಇನ್ಯಾವನ ಕೈಲಾದ್ರೂ ಆಗುತ್ತೇನ್ರೋ?"

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರದ ದಂಡ ಕಡೆಯುವ ಲೇತಿನ ಮುಂದೆ ನಿಂತು ಎವೆಲಿಯೊ ಹೀಗೆ ಕೇಳಿದರೆ ಇಡೀ ಕ್ಯೂಬಾ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವನ ದಂಡದ ಮೇಲೆ ಕೂತ ನೊಣ ಜಾರಿ ಮೂರು ಮೈಲಿಯಾಚೆ ಸಮುದ್ರಕ್ಕೆ ಬೀಳುತ್ತಿತ್ತಂತೆ. ಮೂವತ್ತು ವರ್ಷ ಅವನು ದಂಡವನ್ನೇ ಕನ್ನಡಿ ಮಾಡಿಕೊಂಡು ಗಡ್ಡ ಬೋಳಿಸಿದ್ದಂತೂ ನಿಜ.

ಅವನಲ್ಲಿದ್ದ ಹೈಸ್ಪೀಡ್ ಉಕ್ಕಿನ ಉಳಿ ಒಂದೇ, ಕೆಲಸ ಕಲಿಸಿದ ಗುರು ಕೊಟ್ಟುಹೋದದ್ದು. ಸಾಣೆ ಹಿಡಿದೂ ಹಿಡಿದೂ ಹೆಬ್ಬೆರಳಿನ ತುದಿಯಷ್ಟಾಗಿತ್ತು. ಇನ್ನು ನಾಲ್ಕು ಸಾಣೆಗೆ ಮುಗಿಯಿತು. ಹೊಸದನ್ನು ತರಬೇಕಾದ ಹಡಗಿನ ಮರ ಇನ್ನೂ ಕಾಡಿನಲ್ಲಿ ಬೆಳೆಯುತ್ತಿತ್ತು. ಹಾಗಾಗಿ ಕಬ್ಬಿನ ಹಾಲಿನ ಪಂಪಿಗೆ ದಂಡ ಕಡೆಯುವಾಗ ಉಳಿಯ ಬಾಯಿ ಮೊಂಡಾಗಿ ಕೀಚಿಟ್ಟರೂ ಅವನು ಸಾಣೆಕಲ್ಲಿನತ್ತ ಹೋಗಲಿಲ್ಲ. ದಂಡದ ಮೇಲೆ ಉಗುರೆಳೆದು ನೋಡಿದ. ತರಿತರಿ. ಮರಳು ಕಾಗದದಂಥ ಎಮರಿ ಬಟ್ಟೆಗೆ ಎಣ್ಣೆ ಸವರಿ ಉಜ್ಜಿದ. ಹೊಳೆಯಿತು, ಮುಖ ಕಂಡಿತು. ಇನ್ನೊಮ್ಮೆ ಉಗುರೆಳೆಯಲಿಲ್ಲ.

ಪಂಪಿಗೆ ಹಾಕಿದ ಹತ್ತನೆಯ ದಿನ ಆ ದಂಡದ ಬೇರಿಂಗು ಕಾದು ಕರಗಿ ಪಂಪು ನಿಂತಿತು. ತಪ್ಪು ಬಿದ್ದದ್ದು ಅದಕ್ಕೆ ಎಣ್ಣೆ ಬಿಡುವ ನಿಕಾನೋರಾಳ ತಲೆಗೆ.

"ನಿದ್ದೆ ಹೊಡೀತಿದ್ಯೇನಮ್ಮಾ?" ಎಂದು ಮುಖ್ಯ ಮೆಕ್ಯಾನಿಕ್ ಫುಂದೋರಾ ಎಣ್ಣೆ ಡಬ್ಬಿ ಕಿತ್ತುಕೊಂಡು ಕೈಗೆ ಪೊರಕೆ ಕೊಟ್ಟ. ಎವೆಲಿಯೊ ಪಕ್ಕದಲ್ಲೇ ಇದ್ದ. ತಲೆ ಬಗ್ಗಿಸಿ ತನ್ನ ಉಳಿ ಒರೆಸಿದ. ಮರುದಿನದಿಂದ ಗಡ್ಡ ಬೋಳಿಸುವುದನ್ನು ಬಿಟ್ಟ.

ಅದಾಗಿ ಐದನೆಯ ದಿನ ನಿಕಾನೋರಾ ಅವನಿಗೊಂದು ಲೋಟ ಕಾಫಿ ತಂದಳು. "ಅಣ್ಣಾ, ಅಷ್ಟು ಚಂದದ ದಂಡ ನನ್ನ ಕೈಲಿ ಹಾಳಾಯ್ತು. ಎಣ್ಣೆ ಬಿಟ್ಟೇ ಇದ್ದೆ, ನನ್ನಾಣೆ. ಎಲ್ಲಿ ತಪ್ಪಿದ್ನೋ ಏನೋ. ಬೇಜಾರು ಮಾಡ್ಕೋಬೇಡ."

ಸಕ್ಕರೆ ಸುರಿದ ಆ ಕಾಫಿಯನ್ನು ಅವನು ಕುಡಿಯದೆ ಲೇತಿನ ಪಕ್ಕ ಇಟ್ಟ.

ಮಧ್ಯಾಹ್ನ ಫುಂದೋರಾ ಡಾಮಿನೋ ಕಾಯಿ ಬಡಿಯುತ್ತಿದ್ದಾಗ ಎವೆಲಿಯೊ ಆ ದಂಡವನ್ನು ಹೆಗಲ ಮೇಲೆ ಹೊತ್ತು ತಂದು ಆಟದ ನಡುವೆಯೇ ಇಳಿಸಿದ.

"ಉಗುರು ಎಳೀ. ಸುಟ್ಟ ಕಡೆ ಅಲ್ಲ, ಈ ತುದೀಲಿ."

ಫುಂದೋರಾ ಎಳೆದ. "ಏನೋ ಇದು, ಉತ್ತ ಹೊಲ! ಗೆಣಸು ನೆಡ್ಬೋದಲ್ಲೋ!"

"ಉತ್ತಿದ್ದು ನಾನೇ. ಉಳಿ ಸವೆಯುತ್ತೆ ಅಂತ ಸಾಣೆ ಹಿಡೀಲಿಲ್ಲ, ಉಜ್ಜಿ ಮುಚ್ಚಿಟ್ಟೆ. ಆ ತರೀನೇ ಬೇರಿಂಗ್ ತಿಂದಿದ್ದು, ಅವಳ ಎಣ್ಣೇಲಿ ತಪ್ಪಿಲ್ಲ. ಡಬ್ಬಿ ಅವಳಿಗೆ ಕೊಡು, ಪೊರಕೆ ನನಗೆ ಕೊಡು."

ಫುಂದೋರಾ ಡಾಮಿನೋ ಕಾಯಿ ಬಿಟ್ಟು ಎದ್ದ. ಡಬ್ಬಿ ನಿಕಾನೋರಾಳಿಗೆ ಮರಳಿತು. ಎವೆಲಿಯೊನ ಜೊತೆ ಮಾತ್ರ ಅವಳು ಮಾತು ಬಿಟ್ಟಳು.

ಅವನು ಹಗಲು ಹೊಸ ದಂಡ ಕಡೆದು, ಸಂಜೆ ಕಬ್ಬಿನ ಸಿಪ್ಪೆ ಗುಡಿಸಿದ. ಆ ಒಂದು ದಂಡಕ್ಕೆ ಮೂರು ಸಲ ಸಾಣೆ ಹಿಡಿದ. ಗುರುವಿನ ಉಳಿ ಹಲ್ಲಿನಷ್ಟು ಉಳಿಯಿತು. ಎಮರಿ ಮುಟ್ಟಲಿಲ್ಲ. ದಂಡ ಮಂಕು ಬೂದಿ ಬಣ್ಣದ್ದು, ಉಗುರು ಮಾತ್ರ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಒಯ್ಯಲು ಬಂದ ನಿಕಾನೋರಾ ತಾನೂ ಉಗುರೆಳೆದು ನೋಡಿದಳು. ಎಂಟು ದಿನಗಳ ಮೇಲೆ ಮೊದಲ ಬಾರಿ ಬಾಯಿ ತೆರೆದಳು: "ಏನೋ ಮುದುಕಾ, ಇದ್ರಲ್ಲಿ ನಿನ್ನ ಮುಖಾನೇ ಕಾಣ್ಸಲ್ವಲ್ಲೋ!"

ಎವೆಲಿಯೊ ಬೆಳೆದ ಗಡ್ಡ ಕೆರೆದುಕೊಂಡ. "ಆ ಮುಖ ನೋಡೋ ಆಸೆ ನನಗೇ ಇಲ್ಲ ಕಣಮ್ಮಾ, ನಿನಗ್ಯಾಕೆ? ಎಣ್ಣೆ ಬಿಡು."