ಅವ್ವನಿಗಿಲ್ಲದ ಕಾಯಿಲೆ

ನಾನು ಚೊಚ್ಚಲ ಹೆರಿಗೆಗೆಂದು ಬನಹಟ್ಟಿಯ ತವರಿಗೆ ಬಂದಿದ್ದಾಗಲೇ ಅವ್ವನಿಗೆ ಟಿಬಿ ಅಂದರು.

ನಮ್ಮದು ನೇಕಾರರ ಮನೆ. ಅಪ್ಪ ಪಡಸಾಲೆಯಲ್ಲೇ ಪಾವರ್‌ಲೂಮ್ ಹಾಕಿಕೊಂಡಿದ್ದ. ಅವ್ವ ಅದರ ಪಕ್ಕದಲ್ಲಿ ಕೂತು ಕಂಡಿಕೆಗಳಿಗೆ ಬಣ್ಣಬಣ್ಣದ ನೂಲು ಸುತ್ತಿಕೊಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳು ಉಸಿರಾಡಿದ್ದು ಆ ಹತ್ತಿಯ ಧೂಳನ್ನೇ. ಚಳಿಗಾಲದ ಕೆಮ್ಮು ಅವಳಿಗೆ ಹೊಸದೇನಲ್ಲ. ಆ ವರ್ಷ ಮಾತ್ರ ಅದು ಬೇಸಿಗೆಯಾದರೂ ಬಿಡಲಿಲ್ಲ.

ಖಾಸಗಿ ದವಾಖಾನೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಟಿಬಿ ಐತ್ರಿ. ಗುಳಿಗಿ ಚಾಲೂ ಮಾಡೂಣು," ಎಂದರು. ಕಫದ ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಬೇಕು ಅನ್ನುವುದು ನಮಗೂ ಗೊತ್ತಿರಲಿಲ್ಲ. ಸರಕಾರಿ ದವಾಖಾನೆಗೆ ಹೋದರೆ ಓಣಿಯಲ್ಲೆಲ್ಲ ಸುದ್ದಿಯಾಗುತ್ತದೆಂದು ಅಪ್ಪ ಹೆದರಿದ.

ಅವತ್ತೇ ಅವ್ವ ತನ್ನ ತಾಟು, ಲೋಟ ಬೇರೆ ಇಟ್ಟುಕೊಂಡಳು. ಯಾರೂ ಹೇಳಿರಲಿಲ್ಲ. ಹಾಸಿಗೆಯನ್ನು ಹಿತ್ತಲ ಕೋಣೆಗೆ ಒಯ್ದಳು. ನನಗೆ ಮಗಳು ಹುಟ್ಟಿದಾಗ ಕೂಸಿಗೆ ನೀರೆರೆಯಲು ದೊಡ್ಡವ್ವ ಬಂದಳು. ಅವ್ವ ಬಾಣಂತಿ ಕೋಣೆಯ ಹೊಸ್ತಿಲಾಚೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು.

"ಒಂದೀಟ ಒಳಗ ಬಾ ಬೇ," ಎಂದು ನಾನು ಕರೆದರೆ, "ಬ್ಯಾಡವ್ವಾ. ಗುಳಿಗಿ ಮುಗೀಲಿ. ಆಮ್ಯಾಲ ನಿನ್ನ ಮಗಳನ್ನ ಕೆಳಗ ಇಳಿಸೂದ ಇಲ್ಲ ನೋಡ," ಎನ್ನುತ್ತಿದ್ದಳು.

ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಕೆಲವು ತಿಂಗಳ ಮೇಲೆ ಅಪ್ಪ ಕೆಂಪು ಕಂಡಿಕೆ ಕೇಳಿದರೆ ಅವ್ವ ಹಸಿರು ಕೊಡತೊಡಗಿದಳು. ಅಪ್ಪ ರೇಗಿದ. ಅವ್ವ ನೂಲನ್ನು ಬಾಗಿಲ ಬೆಳಕಿಗೆ ಒಯ್ದು, ಹೊರಳಿಸಿ ಹೊರಳಿಸಿ ನೋಡಿದಳು. ಮರುದಿನ ಕೂಸನ್ನು ದೊಡ್ಡವ್ವನ ಕೈಗೆ ಕೊಟ್ಟು, ನಾನೇ ಅವಳನ್ನು ಅದೇ ಡಾಕ್ಟರ ಬಳಿ ಕರೆದೊಯ್ದೆ.

"ಕಣ್ಣು ಮಂಜಾಗ್ಯಾವ್ರಿ ಸಾಹೇಬ್ರ. ಕೆಂಪ ಯಾವುದು, ಹಸರ ಯಾವುದು ತಿಳೀವಲ್ದು," ಎಂದಳು ಅವ್ವ.

"ವಯಸ್ಸಾತಲ್ಲವಾ! ಚಸ್ಮಾ ಹಾಕ್ಕೋರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ," ಎಂದರು ಅವರು. ಕಣ್ಣನ್ನು ನೋಡಲೂ ಇಲ್ಲ.

ಅವ್ವ ಬಿಡಲಿಲ್ಲ. ಒಂದು ಬೆಳಗ್ಗೆ ನಾನು ಚಹಾ ಕೊಡಲು ಹೋದಾಗ ಅವಳ ಕೈ ಲೋಟದ ಪಕ್ಕದಲ್ಲಿ ತಡಕಾಡಿತು. "ಸುತ್ತಲೂ ಕಾಣತೈತವ್ವಾ," ಎಂದಳು. "ನಡಕ ಏನೂ ಇಲ್ಲ. ನಿನ್ನ ಮಾರಿ ಕಾಣವಲ್ದು."

ಜಮಖಂಡಿಯ ಕಣ್ಣಿನ ಡಾಕ್ಟರು ಮೊದಲು ಕೇಳಿದ್ದೇ ಗುಳಿಗೆಗಳನ್ನು. ಅವ್ವ ಚೀಲದಿಂದ ತೆಗೆದುಕೊಟ್ಟಳು. ಅವರು ಒಂದೊಂದರ ಹೆಸರನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತ ನಿಲ್ಲಿಸ್ರಿ. ಇದರಾಗಿಂದೊಂದು ಗುಳಿಗಿ ಕೆಲವ್ರಿಗೆ ಕಣ್ಣಿನ ನರಾ ಕೆಡಸತೈತಿ. ಬಣ್ಣ ತಿಳೀವಲ್ದು ಅಂದಾಗನ ಬಿಡಿಸಬೇಕಿತ್ತು," ಎಂದರು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಗಳಾದವು. ಹಳೆಯ ಎಕ್ಸ್‌ರೇಯನ್ನೂ ನೋಡಿದರು. ಅವ್ವನಿಗೆ ಟಿಬಿ ಇರಲೇ ಇಲ್ಲ. ಅದು ಮಗ್ಗದ ಧೂಳಿಗೆ ಹತ್ತಿದ ಕೆಮ್ಮು, ದಮ್ಮು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿ ಕೊಟ್ಟರು, ಕೆಮ್ಮು ಇಳಿಯಿತು. ಕಣ್ಣು ಮರಳಲಿಲ್ಲ.

ಊರಿಗೆ ಬಂದವಳೇ ಅವ್ವ ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತು ಕೂಸನ್ನು ಕೇಳಿದಳು. ನಾನು ತೊಡೆಯ ಮೇಲೆ ಮಲಗಿಸಿದೆ. ನೆಟ್ಟಗೆ ನೋಡಿದರೆ ಮುಖ ಮಾಯವಾಗುತ್ತಿತ್ತು. ಕತ್ತನ್ನು ಅತ್ತಿತ್ತ ಹೊರಳಿಸಿ, ಕಣ್ಣಿನ ಅಂಚಿನಿಂದ ಹಿಡಿಯಲು ನೋಡಿದಳು. ಕಣ್ಣು ತಿಳಿಯಾಗಿದ್ದ ತಿಂಗಳುಗಳಲ್ಲೆಲ್ಲ ಅವಳು ಕೂಸಿನ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

"ಯಾರ ಹಂಗ ಅದಾಳ?"

"ನಿನ್ನ ಹಂಗ ಬೇ."

ಅವ್ವ ಅಳಲಿಲ್ಲ. ಅಪ್ಪ ಎದ್ದು ಹೋಗಿ ಮಗ್ಗ ಚಾಲೂ ಮಾಡಿದ.

ಕೇಸು ಹಾಕುವುದು ಅಪ್ಪನಿಗೆ ಬೇಡವಾಗಿತ್ತು. "ಡಾಕ್ಟರ್ ಮ್ಯಾಲ ಕೇಸ್ ಹಾಕಿ ಊರಾಗ ಬಾಳ್ವಿ ಮಾಡಾಕ ಆಕ್ಕೈತೇನ?" ಎಂದ. "ನಾ ಹೇಳಿದ್ದ ಅವರು ಯಾಕ ಕೇಳಲಿಲ್ಲಂತ ಯಾರರೆ ಕೇಳಬೇಕಲ್ಲ," ಎಂದಳು ಅವ್ವ. ಜಮಖಂಡಿಯ ವಕೀಲರೊಬ್ಬರು ಒಪ್ಪಿಕೊಂಡು, ಬಾಗಲಕೋಟೆಯ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಆಮೇಲೆ ಬರೀ ಮುಂದಿನ ತಾರೀಖುಗಳು. ಅಷ್ಟರಲ್ಲಿ ಮಗಳು ನಡೆಯಲು ಕಲಿತಳು, ಓಡಲು ಕಲಿತಳು.

ಆಯೋಗದಲ್ಲಿ ಅವ್ವನನ್ನು ವಿಚಾರಿಸಿದ ದಿನ ಡಾಕ್ಟರ ಪರ ವಕೀಲರು ಹೇಳಿದರು: "ಕಣ್ಣಿನ ತೊಂದರೆ ಬಗ್ಗೆ ನೀವು ಡಾಕ್ಟರಿಗೆ ತಿಳಿಸಿಯೇ ಇಲ್ಲ."

"ಹೇಳೀನ್ರಿ. ನನ್ನ ಮಗಳು ಬಾಜೂಕ ಇದ್ಲು," ಎಂದಳು ಅವ್ವ. ಆಮೇಲೆ ಮುಖವೆತ್ತಿ ಕೋಣೆಯಲ್ಲಿ ಕೂತವರ ಕಡೆ ತಿರುಗಿದಳು. "ಸಾಹೇಬ್ರ, ನೀವು ಇಲ್ಲೇ ಅದೀರೇನ್ರಿ? ನನಗ ಕಾಣಂಗಿಲ್ಲ. ನಾ ಹೇಳಿದ್ದ ನೆನಪೈತಲ್ರಿ?"

ಡಾಕ್ಟರು ಅವಳಿಂದ ಮೂರು ಮಾರು ದೂರದಲ್ಲಿ ಕೂತಿದ್ದರು. ತಲೆ ಎತ್ತಲಿಲ್ಲ.

ತೀರ್ಪು ನಮ್ಮ ಕಡೆಗಾಯಿತು. ಪರೀಕ್ಷೆಯಿಲ್ಲದೆ ಗುಳಿಗೆ ಕೊಟ್ಟದ್ದು, ಕಣ್ಣಿನ ದೂರನ್ನು ಕಿವಿಗೆ ಹಾಕಿಕೊಳ್ಳದ್ದು, ಎರಡೂ ನಿರ್ಲಕ್ಷ್ಯವೆಂದು ಬರೆದಿತ್ತು. ಡಾಕ್ಟರು ಬೆಂಗಳೂರಿಗೆ ಅಪೀಲು ಹೋದರು. ಅಲ್ಲಿಯೂ ಅದೇ ತೀರ್ಪು ನಿಂತಿತು. ಪರಿಹಾರವೂ ಬಂತು. ನಾನು ತವರಿಗೆ ಹೋಗಿ ತೀರ್ಪನ್ನೆಲ್ಲ ಓದಿ ಹೇಳಿದೆ.

"ತಪ್ಪಾತು ಅಂತ ಐತೇನ ಅದರಾಗ?" ಎಂದು ಅವ್ವ ಕೇಳಿದಳು.

"ಆಯೋಗದವ್ರು ಬರದಾರ ಬೇ, ಡಾಕ್ಟರದ ತಪ್ಪಂತ."

"ಡಾಕ್ಟರು ತಾವ ಅಂದಾರೇನ?"

"ಇಲ್ಲ."

ಅವ್ವ ಅವತ್ತು ಮಧ್ಯಾಹ್ನ ಊಟ ಬೇಡವೆಂದು ಗೋಡೆಯ ಕಡೆ ಹೊರಳಿ ಮಲಗಿದಳು. ಇಷ್ಟು ವರ್ಷಗಳಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ.