ಪೊರ್ಬುಗಳ ಬಲಗಾಲು

ಅವರ ಬಲಗಾಲಿನ ಬೂಟಿನ ಹಿಮ್ಮಡಿ ಎಡಗಾಲಿನದಕ್ಕಿಂತ ಯಾವಾಗಲೂ ಅರ್ಧ ಬೆರಳು ಸವೆದಿರುತ್ತಿತ್ತು. ಹಾಡುವಾಗ ಆ ಕಾಲೊಂದನ್ನೇ ನೆಲಕ್ಕೆ ಕುಟ್ಟುತ್ತಿದ್ದರು. ಹೊಸ ಬೂಟು ತಂದರೂ ಮೂರು ತಿಂಗಳಲ್ಲಿ ಅದೇ ಗತಿ. ಕೊನೆಗೆ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದರು. ಆಮೇಲಂತೂ ಅವರು ಕಾರಿಡಾರಿನ ಆ ತುದಿಗೆ ಬಂದದ್ದು ಈ ತುದಿಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು.

ಅಬುಧಾಬಿಯ ಒಂದು ಹೋಟೆಲಿನಲ್ಲಿ ಅವರು ಹಾಡುಗಾರ, ನಾನು ಸೌಂಡಿನವ. ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಉಡುಪಿಯವನಾದ ನಾನು ಊರಿನ ರೂಢಿಯಂತೆ ಪೊರ್ಬುಗಳೇ ಎನ್ನುತ್ತಿದ್ದೆ. ಅಗಲ ಟೊಪ್ಪಿ ಹಾಕಿ, ಕರೆಂಟಿನ ಗಿಟಾರ್ ಹಿಡಿದು ಅಮೆರಿಕದ ಕಂಟ್ರಿ ಪದ್ಯ ಹಾಡುತ್ತಿದ್ದರು. ತಾಳಕ್ಕೆ ಒಂದು ಮೆಷಿನ್ನು. ಯಾರಾದರೂ ಹೊಗಳಿದರೆ ಕೂಡಲೇ ನನ್ನ ಕಡೆ ಕೈ ತೋರಿಸಿ, ಸ್ವರ ಮಾತ್ರ ನನ್ನದು, ಮರ್ಯಾದೆ ಉಳಿಸುವವ ಅವ ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಯಾವ ಸೌಂಡಿನವನಿಗೂ ಎದುರಾಡಿದ ಮನುಷ್ಯನಲ್ಲ. ನನ್ನ ಅಹಂಕಾರ ನೆತ್ತಿಗೇರಿದ್ದು ಅದರಿಂದಲೇ ಇರಬೇಕು.

ಆದರೆ ಅವರು ಕಲಿತದ್ದು ಆ ಪದ್ಯಗಳನ್ನಲ್ಲ. ಪ್ರಾಯದಲ್ಲಿ ರುವೈಸಿನ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದಾಗ, ಅಮೆರಿಕದ ಗುಡ್ಡಗಾಡಿನಿಂದ ಬಂದ ಒಬ್ಬ ಎಂಜಿನಿಯರು ಶುಕ್ರವಾರಗಳಂದು ತನ್ನ ಕ್ವಾರ್ಟರ್ಸಿಗೆ ಕರೆದು ಮ್ಯಾಂಡೊಲಿನ್ ಕೈಗೆ ಕೊಟ್ಟಿದ್ದನಂತೆ. ಬ್ಲೂಗ್ರಾಸ್ ಎನ್ನುವ ಹಳೇ ಪದ್ಧತಿ ಅದು. ಬ್ಯಾಂಜೋ, ಫಿಡಲ್, ಮ್ಯಾಂಡೊಲಿನ್‌ನಂಥ ತಂತಿವಾದ್ಯ ಇಷ್ಟೇ; ಡ್ರಮ್ಮೂ ಇಲ್ಲ, ಕರೆಂಟೂ ಇಲ್ಲ. ಎಲ್ಲರೂ ಒಂದೇ ಮೈಕಿನ ಸುತ್ತ ನಿಲ್ಲಬೇಕು. ಸರದಿ ಬಂದವ ಮುಂದೆ ಬರುತ್ತಾನೆ, ಮುಗಿಸಿದವ ಹಿಂದೆ ಸರಿಯುತ್ತಾನೆ.

ಹೋಟೆಲಿನವರು ಹಾಡು ಸಾಕು, ಡೀಜೆ ಬೇಕು ಎಂದರು. ಪೊರ್ಬುಗಳ ವೀಸಾ ಕ್ಯಾನ್ಸಲ್ ಆಗಲು ಮೂರು ತಿಂಗಳಿತ್ತು. ಊರಿಗೆ ಹೋಗುವ ಮೊದಲು ರುವೈಸಿನಲ್ಲಿ ಕಲಿತ ರೀತಿಯಲ್ಲೇ ತನ್ನ ಸ್ವಂತ ಪದ್ಯಗಳ ಒಂದು ಆಲ್ಬಮ್ ಮಾಡಬೇಕು ಎಂದು ಹಟ ಹಿಡಿದರು. ಜೀವಮಾನವಿಡೀ ಬೇರೆಯವರ ಪದ್ಯ ಹಾಡಿದ್ದಾಯಿತು, ಹೆಂಡತಿಗೆ ಕೇಳಿಸಲು ನನ್ನದು ಅಂತ ಒಂದೂ ಇಲ್ಲ ಎಂದಾಗ ಅವರ ಕಣ್ಣು ತುಂಬಿತ್ತು.

ಅಲ್ ಮೀನಾದ ಕಾರ್ಪೆಟ್ ಮಾರ್ಕೆಟಿನಲ್ಲಿ ಒಬ್ಬ ಪಠಾಣನ ಗೋದಾಮು ಸಿಕ್ಕಿತು. ನಾಲ್ಕೂ ಗೋಡೆಗೆ ಕಾರ್ಪೆಟ್ ರಾಶಿ, ಒಂದಿಷ್ಟೂ ಮಾರ್ದನಿಯಿಲ್ಲ. ಶುಕ್ರವಾರ ಬೆಳಿಗ್ಗೆ ಅಂಗಡಿ ಮುಚ್ಚಿರುವಾಗ ನಾವು ಅಲ್ಲಿ. ಬ್ಯಾಂಜೋಗೆ ಒಬ್ಬ ಗೋವಾದವ, ಫಿಡಲಿಗೆ ಒಬ್ಬ ಫಿಲಿಪಿನೋ. ಪೊರ್ಬುಗಳು ಒಂದು ಮರದ ಹಲಗೆ ಹೊತ್ತು ತಂದು ಮೈಕಿನ ಮುಂದೆ ಹಾಕಿ ಅದರ ಮೇಲೆ ಕಾಲಿಟ್ಟರು.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಒಂದೇ ಮೈಕು, ಹತ್ತಿರ ದೂರ ಎಲ್ಲ ಅವರವರೇ ನೋಡಿಕೊಂಡರೆ ಸೌಂಡಿನವ ಯಾಕೆ? ನನ್ನದೂ ಏನಾದರೂ ನಡೆಯಬೇಕಲ್ಲ. ಲಾಳದ ಟಕ್ ಟಕ್ ರೆಕಾರ್ಡಿಂಗನ್ನು ಹಾಳು ಮಾಡುತ್ತದೆ ಎಂದು ಹಲಗೆ ತೆಗೆಸಿದೆ. ಗೋದಾಮಿನ ರಾಶಿಯಿಂದ ಒಂದು ಹಳೇ ಕಾರ್ಪೆಟನ್ನು ಎಳೆದು ನಾಲ್ಕು ಮಡಿಕೆ ಮಾಡಿ ಅವರ ಕಾಲಡಿಗೆ ಹಾಕಿದೆ.

"ಡ್ರಮ್ ಇಲ್ಲ ಮಾರಾಯ, ಇದಕ್ಕೆ ಕಾಲೇ ಡ್ರಮ್" ಎಂದರು ಪೊರ್ಬುಗಳು. "ಕಾಲು ಕೇಳದಿದ್ರೆ ಮನೆಯಲ್ಲಿ ಜನ ಇಲ್ಲದ ಹಾಗೆ ಆಗ್ತದೆ."

ಕ್ಲೀನ್ ಬೇಕಾದರೆ ಹೀಗೇ ಎಂದೆ. ಅವರು ಸ್ವಲ್ಪ ಹೊತ್ತು ಕಾರ್ಪೆಟ್ ನೋಡಿದರು. "ನಿನಗೆ ಗೊತ್ತುಂಟಲ್ಲ. ಹಾಗಾದ್ರೆ ಖಲಾಸ್" ಎಂದು ಮ್ಯಾಂಡೊಲಿನ್ ಎತ್ತಿಕೊಂಡರು.

ಹನ್ನೊಂದು ಶುಕ್ರವಾರ, ಒಂಬತ್ತು ಪದ್ಯ. ತನ್ನ ಕಾಲು ತನಗೇ ಕೇಳದೆ ಅವರು ಇನ್ನೂ ಜೋರಾಗಿ ಕುಟ್ಟುತ್ತಿದ್ದರು. ಅಷ್ಟಾದರೂ ನುಸುಳಿದ ದಬ್ ದಬ್ ಸದ್ದನ್ನು ಆಮೇಲೆ ನಾನು ಕಂಪ್ಯೂಟರಿನಲ್ಲಿ ಕೂತು ಹೆಕ್ಕಿ ಹೆಕ್ಕಿ ತೆಗೆದೆ, ಮೂಲ ಫೈಲುಗಳನ್ನೂ ಅಳಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಠಾಣ ಆ ಕಾರ್ಪೆಟನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದು ನನ್ನ ತಲೆಗೇ ಕಟ್ಟಿದ.

ಪೊರ್ಬುಗಳು ಊರಿಗೆ ಹೋದ ಐದನೆಯ ತಿಂಗಳಲ್ಲಿ ಎದೆನೋವು ಬಂದು ತೀರಿಕೊಂಡರು. ಒಂದು ವಾರ ಬಿಟ್ಟು ಅವರ ಹೆಂಡತಿ ಫೋನ್ ಮಾಡಿದರು. ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಬಂದಾಗ ಗಂಡ ಮುಂದಿನ ಕೋಣೆಯಲ್ಲಿ ಕಾಲು ಕುಟ್ಟುತ್ತ ಹಾಡುತ್ತಿದ್ದರಂತೆ, ಇವರು ಅಡುಗೆಮನೆಯಲ್ಲಿ ಅದನ್ನೇ ಕೇಳುತ್ತ ಕೆಲಸ ಮಾಡುತ್ತಿದ್ದರಂತೆ. "ಪದ್ಯ ಎಲ್ಲ ಲಾಯ್ಕ ಉಂಟು" ಎಂದರು. "ಅವರ ಕಾಲು ಮಾತ್ರ ಯಾಕೆ ಕೇಳುದಿಲ್ಲ?"

ಮೈಕು ಹಿಡಿಯಲಿಲ್ಲ ಎಂದು ಸುಳ್ಳು ಹೇಳಿದೆ. ಆ ರಾತ್ರಿ ಹೆಡ್‌ಫೋನ್ ಹಾಕಿ ಒಂಬತ್ತೂ ಪದ್ಯ ಹುಡುಕಿದೆ. ಒಂದೇ ಒಂದು ಕಡೆಯಾದರೂ ನನ್ನ ಕೈ ತಪ್ಪಿರಬಾರದೇ ದೇವರೇ ಎಂದು ಬೇಡಿಕೊಂಡೆ. ತಪ್ಪಿರಲಿಲ್ಲ.

ಮುಂದಿನ ರಜೆಯಲ್ಲಿ ಆ ಕಾರ್ಪೆಟನ್ನು ಹೊತ್ತುಕೊಂಡು ಮಂಗಳೂರಿನ ಅವರ ಫ್ಲ್ಯಾಟಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ. ಆದರೆ ಕಾರ್ಪೆಟನ್ನು ಬಿಡಿಸಿ ಹಾಸಿ, ಹಾಡುವಾಗ ಅವರ ಕಾಲಡಿ ಇದ್ದದ್ದು ಎಂದಷ್ಟೇ ಹೇಳಿದೆ. ಲಾಳ ಬಡಿದ ಜಾಗದಲ್ಲಿ ಕೆಂಪು ಉಣ್ಣೆಯೆಲ್ಲ ಹೋಗಿ ಕೆಳಗಿನ ನೂಲು ಕಾಣುತ್ತಿತ್ತು, ರೂಪಾಯಿಯಗಲ. ಪೊರ್ಬುಗಳ ಹೆಂಡತಿ ನೆಲದಲ್ಲಿ ಕೂತು ಅಲ್ಲಿ ಬೆರಳಿಟ್ಟರು.

"ಇಷ್ಟು ಹೊಡೆದಿದ್ದಾರಲ್ಲ" ಎಂದರು. "ನಿಮಗೆ ಒಂಚೂರೂ ಕೇಳಲಿಲ್ಲವಾ?"

"ಕೇಳಿತ್ತು" ಎಂದೆ.